ಕಿರಿಯ ಹಿಮ್ಮೇಳದಲ್ಲಿ ಹಿರಿಯ ಕೃತಿ

1947ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದವು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರನ ಪಿಯಾನೊ ಕಾನ್ಚೆರ್ಟೊಗಳ ಧ್ವನಿಮುದ್ರಣವನ್ನು ಆರಂಭಿಸಿತು. ಪಿಯಾನೊ ನುಡಿಸಿದವನು ಸ್ವತಃ ಮೆಟ್ನರ್. ಹಣ ಒದಗಿಸಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಕ್ರಾಂತಿಯ ತರುವಾಯ ದೇಶ ತೊರೆದು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿ, ಕಾಯಿಲೆ ಮತ್ತು ಬಡತನಗಳಲ್ಲಿ ದಿನ ಕಳೆಯುತ್ತಿದ್ದ. ಅವನ ಸಂಗೀತವನ್ನು ಮೆಚ್ಚಿದವರು ಕೆಲವರೇ. ಆ ಕೆಲವರಲ್ಲಿ ಒಬ್ಬರು ಕನ್ನಡ ನಾಡಿನ ದೊರೆ. ಸಂಸ್ಕೃತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಒಡೆಯರು ಪಿಯಾನೊ ವಾದನವನ್ನೂ ಶಾಸ್ತ್ರಬದ್ಧವಾಗಿ ಅಭ್ಯಾಸ ಮಾಡಿದ್ದರು. ಮೆಟ್ನರ್ ತನ್ನ ಮೂರನೆಯ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಹೀಗೆ ಪಾಶ್ಚಾತ್ಯ ಸಂಗೀತದ ಒಂದು ಹಿರಿಯ ಕೃತಿಯ ಅರ್ಪಣೆಯಲ್ಲಿ ಮೈಸೂರಿನ ಹೆಸರು ಸೇರಿಕೊಂಡಿದೆ.

ಕಾನ್ಚೆರ್ಟೊ ಎಂದರೆ ಒಬ್ಬ ವಾದಕ ಮುಂದೆ, ಅವನ ಜೊತೆಗೆ ಒಂದು ವಾದ್ಯವೃಂದ. ಸಾಮಾನ್ಯವಾಗಿ ಅದಕ್ಕೆ ಮೂರು ಭಾಗಗಳು: ವೇಗದ್ದೊಂದು, ವಿಲಂಬಿತವಾದುದೊಂದು, ಮತ್ತೆ ವೇಗದ್ದೊಂದು. ವೃಂದದಲ್ಲಿ ಪಿಟೀಲಿನ ಕುಟುಂಬದ ತಂತಿವಾದ್ಯಗಳು, ಕೊಳಲು ಕಹಳೆಗಳಂಥ ಗಾಳಿವಾದ್ಯಗಳು, ನಗಾರಿಗಳು ಎಲ್ಲವೂ ಇರಬಹುದು. ಜನ ಹತ್ತಾರು ಮಂದಿ. ಇಂಥ ಕೃತಿಯನ್ನು ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ, ಸಾಧ್ಯವಾದರೆ ಇನ್ನೊಂದು ಡಬಲ್ ಬೇಸ್, ಇಷ್ಟೇ ಇಟ್ಟುಕೊಂಡು ನುಡಿಸುವ ಪದ್ಧತಿಯೂ ಇದೆ. ಅದೇ ಈ ಲೇಖನದ ವಿಷಯ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂಬ ಪ್ರಶ್ನೆ ಏಳುವುದು ಸಹಜ. ಕೃತಿಯೊಂದರ ಮೈಯನ್ನು ಕಿರಿದುಗೊಳಿಸಿದಾಗ ಅದರ ಅರ್ಥವೂ ಕಿರಿದಾಗುತ್ತದೆಯೆ, ಅಥವಾ ಬೇರೆಯಾಗುತ್ತದೆಯೆ? ಸಂಗ್ರಹ, ರೂಪಾಂತರ, ಅನುವಾದಗಳನ್ನು ಓದುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಪುಟದ ಮೇಲೆ ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಸಂಗೀತದಲ್ಲಿ ಅದು ಕಿವಿಗೇ ಕೇಳಿಸುತ್ತದೆ.

ಮೊದಲು ಪದವನ್ನು ನೋಡೋಣ. ಇಟಾಲಿಯನ್ ಭಾಷೆಯಲ್ಲಿ ಈ ಪದದ ಮೂಲಧಾತುವಿಗೆ ಕೂಡಿ ಹೊಂದಿಸುವುದು ಎಂಬ ಅರ್ಥವಿದೆ. ಅದೇ ರೂಪದ ಲ್ಯಾಟಿನ್ ಪದಕ್ಕೆ ವಾದಿಸುವುದು, ಸೆಣಸುವುದು ಎಂಬ ಅರ್ಥ. ಎರಡರಲ್ಲಿ ಯಾವುದು ಸರಿ ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ನಮ್ಮ ಸೀಮೆಯವರಿಗೆ ಈ ಇಬ್ಬಗೆಯ ಅರ್ಥ ತೊಡಕೆನಿಸಬೇಕಿಲ್ಲ. ಭಂಡಾರಕವಠೆಯಿಂದ ಅಕ್ಕಲಕೋಟ, ಇಂಡಿಗಳವರೆಗೆ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಹಾಡಿಕೆ ಕೇಳಿದವರಿಗೆ, ಜಗಳವೂ ಮೇಳವೂ ಒಂದೇ ಕಟ್ಟೆಯ ಮೇಲೆ ಕೂಡಬಲ್ಲವೆಂಬುದು ತಿಳಿದ ಸಂಗತಿ. ಒಂದು ಪಕ್ಷ ಶಿವನನ್ನು ಎತ್ತಿ ಹಿಡಿದರೆ ಇನ್ನೊಂದು ಶಕ್ತಿಯನ್ನು ಎತ್ತಿ ಹಿಡಿಯುತ್ತದೆ. ರಾತ್ರಿಯಿಡೀ ವಾದ ನಡೆಯುತ್ತದೆ. ಆದರೆ ಎರಡೂ ಪಕ್ಷಗಳು ಒಂದೇ ಹಾಡಿಕೆಯ ಪದ್ಧತಿಗೆ ಬದ್ಧವಾಗಿರುತ್ತವೆ. ಇನ್ನೂ ಒಂದು ಮಾತು: ಈ ವಾದವನ್ನು ನಡೆಸಲು ಒಂದೊಂದು ಪಕ್ಷಕ್ಕೆ ಬೇಕಾಗುವುದು ಎರಡು ಮೂರು ಜನ, ಒಂದು ದಪ್ಪು, ಒಂದು ತುಂತುಣಿ, ಒಂದು ಜೋಡಿ ತಾಳ. ಮುಂದೆ ಹಾಡುವವನ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುವ ಪರಿಯನ್ನು ಗಮನಿಸಿದವರು ಕಾನ್ಚೆರ್ಟೊದ ಅರ್ಧ ಶಾಸ್ತ್ರವನ್ನು ಆಗಲೇ ಬಲ್ಲರು.

ಇನ್ನು ವಾದ್ಯಗಳ ಸ್ವಭಾವ. ಪಿಯಾನೊ ತಂತಿಗಳ ವಾದ್ಯವೇ. ಆದರೆ ಅದರ ತಂತಿಯನ್ನು ಮೀಟುವುದೂ ಇಲ್ಲ, ಕಮಾನಿನಿಂದ ಉಜ್ಜುವುದೂ ಇಲ್ಲ. ಮಣೆಯನ್ನು ಒತ್ತಿದಾಗ ಒಳಗಿನ ಸಣ್ಣ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಸುಮಾರು 1700ರ ಹೊತ್ತಿಗೆ ಫ್ಲಾರೆನ್ಸ್ ನಗರದಲ್ಲಿ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ ಇದನ್ನು ರೂಪಿಸಿದ. ಬಡಿತದಿಂದ ಹುಟ್ಟಿದ ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಸಂತೂರ್ ಕೇಳಿದವರಿಗೆ ಇದರ ಅನುಭವವಿದೆ. ಪಿಟೀಲು, ಚೆಲ್ಲೊಗಳ ನಾದ ಹಾಗಲ್ಲ. ಕಮಾನು ಚಲಿಸುವವರೆಗೆ ಅದು ಬದುಕಿರುತ್ತದೆ, ಬೇಕಾದರೆ ಬೆಳೆಯುತ್ತದೆ. ಸಾಯುವ ನಾದ ಮತ್ತು ಬಾಳುವ ನಾದ, ಇವೆರಡರ ಸಂಬಂಧವೇ ಪಿಯಾನೊ ಮತ್ತು ತಂತಿಮೇಳದ ಕೂಟದ ಜೀವಾಳ. ಸ್ವರಸ್ಥಾನದಲ್ಲಿಯೂ ಭೇದವಿದೆ. ಪಿಯಾನೊದ ಸ್ವರ ಮೊದಲೇ ಕಟ್ಟಿಟ್ಟದ್ದು, ಕದಲುವಂತಿಲ್ಲ. ಪಿಟೀಲಿನವನು ಬೆರಳು ಸರಿಸಿ ಸ್ವರ ಹುಡುಕಿಕೊಳ್ಳುತ್ತಾನೆ. ಆದ್ದರಿಂದ ಹೊಂದಿಕೊಳ್ಳಬೇಕಾದವನು ಯಾವಾಗಲೂ ಪಿಟೀಲಿನವನೇ. ಕಟ್ಟಿಟ್ಟ ಸ್ವರದ ವಾದ್ಯವೆಂಬ ಆಕ್ಷೇಪಕ್ಕೆ ಹಾರ್ಮೋನಿಯಂ ಗುರಿಯಾಗಿ, 1940ರಿಂದ 1971ರವರೆಗೆ ಆಕಾಶವಾಣಿಯಿಂದ ಹೊರಗುಳಿದ ಕತೆ ನಿಮಗೆ ಗೊತ್ತಿರಬಹುದು. ಹಳ್ಳಿಯ ಭಜನಾ ಮೇಳಗಳು ಆ ಆಕ್ಷೇಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೂ ಒಂದು ವಿಮರ್ಶೆಯೇ.

ಸಣ್ಣ ಮೇಳದೊಡನೆ ಕಾನ್ಚೆರ್ಟೊ ನುಡಿಸುವುದು ಬಡತನದ ಉಪಾಯವೆಂದು ಹಲವರು ಭಾವಿಸುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬಾಖ್ 1729ರಿಂದ ಲೈಪ್ಸಿಗ್ ನಗರದ ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಸಂಗೀತಕೂಟವೊಂದರ ಹೊಣೆ ಹೊತ್ತಿದ್ದ. ಆ ಕೂಟ ಸೇರುತ್ತಿದ್ದುದು ಝಿಮ್ಮರ್‌ಮನ್ ಎಂಬವನ ಕಾಫಿ ಅಂಗಡಿಯಲ್ಲಿ. ಪಿಯಾನೊಗಿಂತ ಹಳೆಯದಾದ ಹಾರ್ಪ್ಸಿಕಾರ್ಡ್ ಎಂಬ ಮಣೆವಾದ್ಯಕ್ಕಾಗಿ ಅವನು ಸಿದ್ಧಗೊಳಿಸಿದ ಕಾನ್ಚೆರ್ಟೊಗಳಲ್ಲಿ ಹೆಚ್ಚಿನವುಗಳ ಹಿಮ್ಮೇಳ ಬರಿಯ ತಂತಿವಾದ್ಯಗಳದು. ಅವುಗಳಲ್ಲಿ ಕೆಲವು ಅವನೇ ಹಿಂದೆ ಪಿಟೀಲಿಗಾಗಿ ಬರೆದವುಗಳ ರೂಪಾಂತರಗಳು. ಮೂಲ ಯಾವುದು, ರೂಪಾಂತರ ಯಾವುದು ಎಂಬ ಮೇಲು ಕೀಳಿನ ಎಣಿಕೆ ಅವನಿಗಿದ್ದಂತೆ ಕಾಣುವುದಿಲ್ಲ.

ಮೊಜಾರ್ಟನ ಉದಾಹರಣೆ ಇನ್ನೂ ಸ್ಪಷ್ಟ. 1783ರ ಜನವರಿಯಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಅವನೊಂದು ಪ್ರಕಟಣೆ ಕೊಟ್ಟ: ಮೂರು ಹೊಸ ಕಾನ್ಚೆರ್ಟೊಗಳ ಹಸ್ತಪ್ರತಿಗಳು ಚಂದಾದಾರರಿಗೆ ದೊರೆಯುತ್ತವೆ, ಅವನ್ನು ಗಾಳಿವಾದ್ಯಗಳಿರುವ ದೊಡ್ಡ ವೃಂದದೊಡನೆಯೂ ನುಡಿಸಬಹುದು, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಈ ನಾಲ್ಕರೊಡನೆಯೂ ನುಡಿಸಬಹುದು. ಇದರಲ್ಲಿ ವ್ಯಾಪಾರದ ಲೆಕ್ಕಾಚಾರವಿಲ್ಲವೆಂದಲ್ಲ. ಮನೆಯಲ್ಲಿ ಪಿಯಾನೊ ಇದ್ದು ನಾಲ್ವರು ಗೆಳೆಯರು ಕೂಡಿದರೆ ಸಾಕೆಂದಾಗ ಕೊಳ್ಳುವವರು ಹೆಚ್ಚುತ್ತಾರೆ. ಆದರೆ ಲೆಕ್ಕಾಚಾರ ರಚನೆಯ ಒಳಗೂ ಇಳಿದಿದೆ. ಈ ಮೂರರಲ್ಲಿ ಮುಖ್ಯವಾದ ಮಾತನ್ನೆಲ್ಲ ಅವನು ತಂತಿವಾದ್ಯಗಳಿಗೇ ವಹಿಸಿದ್ದಾನೆ. ಗಾಳಿವಾದ್ಯಗಳದು ಬಣ್ಣ ತುಂಬುವ ಕೆಲಸ. ಮುಂದಿನ ವರ್ಷ ತಂದೆಗೆ ಬರೆದ ಪತ್ರದಲ್ಲಿ ಅವನು ತನ್ನ ನಾಲ್ಕು ಹೊಸ ಕಾನ್ಚೆರ್ಟೊಗಳ ಪೈಕಿ ಒಂದನ್ನು ಮಾತ್ರ ಗಾಳಿವಾದ್ಯಗಳಿಲ್ಲದೆ ನುಡಿಸಬಹುದೆಂದೂ, ಉಳಿದ ಮೂರಕ್ಕೆ ಅವು ಬೇಕೇ ಬೇಕೆಂದೂ ತಿಳಿಸುತ್ತಾನೆ. ಯಾವುದು ಬಿಡಬಹುದಾದುದು, ಯಾವುದು ಬಿಡಲಾಗದುದು ಎಂಬ ವಿವೇಚನೆ ಇಲ್ಲಿ ಸಂಗ್ರಹಕಾರನದಲ್ಲ, ಕವಿಯದೇ.

ಆ ಮೂರರಲ್ಲಿ ಎ ಮೇಜರ್ ಸ್ಥಾಯಿಯದು, ಮೊಜಾರ್ಟನ ಕೃತಿಗಳ ಸೂಚಿಯಲ್ಲಿ 414ನೆಯದು, ನಾಲ್ವರೊಡನೆ ಅತ್ಯಂತ ಸಹಜವಾಗಿ ಕೂಡಿ ಬರುತ್ತದೆ. ಅದರ ವಿಲಂಬಿತ ಭಾಗದ ಮೊದಲ ಸ್ವರಪಂಕ್ತಿ ಮೊಜಾರ್ಟನದಲ್ಲ. ಹಿರಿಯ ಬಾಖ್‌ನ ಕಿರಿಯ ಮಗ ಯೊಹಾನ್ ಕ್ರಿಸ್ಟಿಯಾನ್ ಬಾಖ್‌ನದು. ಬಾಲ್ಯದಲ್ಲಿ ತನಗೆ ಅಕ್ಕರೆ ತೋರಿದ್ದ ಆ ಹಿರಿಯ 1782ರ ಜನವರಿಯಲ್ಲಿ ತೀರಿಕೊಂಡಿದ್ದ. ಅದೇ ವರ್ಷ ಮೊಜಾರ್ಟ್ ಈ ಭಾಗವನ್ನು ಬರೆದ. ದೊಡ್ಡ ವೃಂದ ಇದನ್ನು ನುಡಿಸಿದಾಗ ಸಾರ್ವಜನಿಕ ಶ್ರದ್ಧಾಂಜಲಿಯಂತೆ ಗಂಭೀರವಾಗಿರುತ್ತದೆ. ನಾಲ್ವರು ನುಡಿಸಿದಾಗ ಸಾವಿನ ಮನೆಯಲ್ಲಿ ತೀರಾ ಹತ್ತಿರದವರು ಕುಳಿತು ತಗ್ಗಿದ ದನಿಯಲ್ಲಿ ಮಾತಾಡಿದಂತಿರುತ್ತದೆ. ನನಗೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ.

ಭೇದ ಎಲ್ಲಿಂದ ಬಂತು? ವೃಂದದಲ್ಲಿ ಹತ್ತು ಹನ್ನೆರಡು ಪಿಟೀಲುಗಳು ಒಂದೇ ಸ್ವರ ನುಡಿಸುವಾಗ ಯಾರೊಬ್ಬರ ಕೈಯೂ ಗುರುತಿಗೆ ಸಿಗುವುದಿಲ್ಲ. ಅದು ಸಮೂಹದ ದನಿ. ಒಬ್ಬೊಬ್ಬರೇ ಉಳಿದಾಗ ಪ್ರತಿ ದನಿಗೂ ಮುಖ ಬರುತ್ತದೆ. ಒಬ್ಬ ಮತ್ತು ಜನಸ್ತೋಮ ಎಂಬ ಸಂಬಂಧ, ಒಬ್ಬ ಮತ್ತು ನಾಲ್ವರು ಎಂಬ ಸಂಬಂಧವಾಗಿ ಮಾರ್ಪಡುತ್ತದೆ. ಕೃತಿ ಚಿಕ್ಕದಾಯಿತೆನ್ನುವುದಕ್ಕಿಂತ ಅದರ ಪಾತ್ರವರ್ಗ ಬದಲಾಯಿತೆನ್ನುವುದು ಸರಿ.

ನುಡಿಸುವವರ ಕೆಲಸವೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಸಣ್ಣ ಮೇಳಕ್ಕೆ ಕೋಲು ಹಿಡಿದ ನಿರ್ದೇಶಕ ಬೇಕಿಲ್ಲ. ಮೊದಲ ಪಿಟೀಲಿನವನೋ ಪಿಯಾನೊದವನೋ ಉಸಿರೆಳೆದು ತಲೆಯಾಡಿಸಿದರೆ ಉಳಿದವರು ಅದರಿಂದಲೇ ಲಯ ಹಿಡಿಯುತ್ತಾರೆ. ಮೊಜಾರ್ಟನ ಕಾಲದ ಪಿಯಾನೊಗೆ ಮರದ ಚೌಕಟ್ಟು, ಸುಮಾರು ಐದು ಸಪ್ತಕಗಳು, ಚರ್ಮ ಹೊದಿಸಿದ ಹಗುರ ಸುತ್ತಿಗೆಗಳು. ನಾಲ್ಕು ತಂತಿವಾದ್ಯಗಳಿಗೆ ಅದು ಸರಿಸಮ. ಇಂದಿನ ಪಿಯಾನೊಗೆ ಕಬ್ಬಿಣದ ಚೌಕಟ್ಟು, 88 ಮಣೆಗಳು. ಕೈಬಿಟ್ಟು ನುಡಿಸಿದರೆ ನಾಲ್ವರೂ ಮುಳುಗಿಹೋಗುತ್ತಾರೆ. ಅದರ ಮುಚ್ಚಳವನ್ನು ಅರ್ಧವೇ ತೆರೆದಿಡುವುದು, ಕಾಲುಮಣೆಯ ಬಳಕೆಯನ್ನು ಮಿತಗೊಳಿಸುವುದು, ಎಡಗೈಯ ತೂಕವನ್ನು ಇಳಿಸುವುದು ಮೊದಲಾದ ಉಪಾಯಗಳಿವೆ. ಡಬಲ್ ಬೇಸ್ ಸೇರಿದರೆ ಚೆಲ್ಲೊ ನುಡಿಸುವ ಸ್ವರದ ಕೆಳಗೆ ಇನ್ನೊಂದು ಸಪ್ತಕದ ಆಳ ದೊರೆತು, ನಾಲ್ವರು ಎಂಟು ಜನರಂತೆ ಕೇಳಿಸುತ್ತಾರೆ. ಕಹಳೆಗಳು ಎಳೆದು ಹಿಡಿಯುವ ಸ್ವರಗಳನ್ನು ವಯೋಲಾ ಒಮ್ಮೆಗೆ ಎರಡು ತಂತಿಗಳ ಮೇಲೆ ಕಮಾನೆಳೆದು ತುಂಬಬಲ್ಲದು. ನಗಾರಿಯನ್ನು ಸುಮ್ಮನೆ ಬಿಟ್ಟುಬಿಡುವುದೇ ಲೇಸು. ಅದನ್ನು ಅನುಕರಿಸಹೋದ ಚೆಲ್ಲೊ ನಗೆಪಾಟಲಾಗುತ್ತದೆ. ಪಿಯಾನೊ ಸುಮ್ಮನಿದ್ದು ವೃಂದವೇ ನುಡಿಯುವ ಭಾಗಗಳಲ್ಲಿ ಪಿಯಾನೊದವನೂ ಹಿಮ್ಮೇಳದ ಸ್ವರಗಳನ್ನು ಸೇರಿಸಿಕೊಂಡು ನುಡಿಸುವುದು ಮೊಜಾರ್ಟನ ಕಾಲದ ರೂಢಿ. ಅಂದರೆ ಅವಶ್ಯವಿದ್ದಾಗ ಮುಮ್ಮೇಳದವನೇ ಹಿಮ್ಮೇಳಕ್ಕೆ ಇಳಿಯಬೇಕು. ಶ್ರೀಕೃಷ್ಣ ಪಾರಿಜಾತದ ಭಾಗವತನು ಹಾಡುತ್ತಲೇ ಪಾತ್ರಗಳೊಡನೆ ಮಾತಿಗೆ ನಿಲ್ಲುವುದನ್ನು ಕಂಡವರಿಗೆ ಇದು ಹೊಸದಲ್ಲ.

ಎಲ್ಲ ಕೃತಿಗಳೂ ಇದಕ್ಕೆ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಮೊಜಾರ್ಟನೇ 1786ರಲ್ಲಿ ಬರೆದ ಸಿ ಮೈನರ್ ಕಾನ್ಚೆರ್ಟೊದಲ್ಲಿ ಗಾಳಿವಾದ್ಯಗಳು ಅಲಂಕಾರವಲ್ಲ, ಪಾತ್ರಗಳು. ಅದರ ವಿಲಂಬಿತ ಭಾಗದಲ್ಲಿ ಅವು ಸರದಿಯಂತೆ ಬಂದು ತಮ್ಮ ಮಾತು ಹೇಳಿ ಹೋಗುತ್ತವೆ. ಅವನ ಶಿಷ್ಯ ಹುಮ್ಮೆಲ್ ಇದನ್ನೂ ಪಿಯಾನೊ, ಕೊಳಲು, ಪಿಟೀಲು, ಚೆಲ್ಲೊಗಳಿಗೆ ಇಳಿಸಿದ. ಆ ರೂಪಾಂತರದಲ್ಲಿ ಒಂದು ಕೊಳಲನ್ನಾದರೂ ಉಳಿಸಿಕೊಂಡದ್ದರಲ್ಲಿ ಅವನ ವಿವೇಕ ಕಾಣುತ್ತದೆ. ಧ್ವನಿಮುದ್ರಣವಿಲ್ಲದ ಆ ಕಾಲದಲ್ಲಿ, ಊರಿಗೆ ವೃಂದ ಬಾರದವರು ಹಿರಿಯ ಕೃತಿಗಳನ್ನು ಅರಿತದ್ದು ಇಂಥ ರೂಪಾಂತರಗಳಿಂದಲೇ. ನಮ್ಮಲ್ಲಿ ಓಲೆಗರಿ ಓದಲಾರದವರಿಗೆ ಗಮಕಿಯ ಕಂಠದಿಂದ ಕುಮಾರವ್ಯಾಸ ದಕ್ಕಿದಂತೆ.

ಲಾಭ ನಷ್ಟ ಎರಡೂ ಒಟ್ಟಿಗೆ ಕಾಣುವ ಒಂದು ಸ್ಥಳ ಬೀಥೋವನನ ನಾಲ್ಕನೆಯ ಕಾನ್ಚೆರ್ಟೊದ ನಡುವಿನ ಭಾಗ. ಇದು 1807ರಲ್ಲಿ ವಿಯೆನ್ನಾದ ಶ್ರೀಮಂತನೊಬ್ಬನ ಅರಮನೆಯಲ್ಲಿ ಮೊದಲು ಕೇಳಿಬಂತು. ಆ ನಡುವಿನ ಭಾಗ ಕೇವಲ 72 ಆವರ್ತಗಳಷ್ಟು ಚಿಕ್ಕದು. ಅಲ್ಲಿ ಬೀಥೋವನನೇ ಗಾಳಿವಾದ್ಯಗಳನ್ನೂ ನಗಾರಿಯನ್ನೂ ಕೆಳಗಿಟ್ಟಿದ್ದಾನೆ. ಪಿಯಾನೊ ಮತ್ತು ತಂತಿಗಳು, ಅಷ್ಟೇ. ತಂತಿಗಳೆಲ್ಲ ಒಂದೇ ಸ್ವರಪಂಕ್ತಿಯನ್ನು ಬಿರುಸಾಗಿ, ಕಡಿದು ಕಡಿದು ಗದರಿಸಿದಂತೆ ನುಡಿಯುತ್ತವೆ. ಪಿಯಾನೊ ಮೆಲ್ಲನೆ ಹಾಡಿ ಉತ್ತರಿಸುತ್ತದೆ. ಮತ್ತೆ ಗದರಿಕೆ, ಮತ್ತೆ ಹಾಡು. ಉತ್ತರಿಸುವಾಗ ಪಿಯಾನೊ ದನಿಯೇರಿಸುವುದಿಲ್ಲ, ಗದರಿಕೆಯೇ ಕ್ರಮೇಣ ಕುಗ್ಗುತ್ತದೆ, ಕೊನೆಗೆ ತಂತಿಗಳು ಪಿಸುಮಾತಿಗಿಳಿಯುತ್ತವೆ. ದೊಡ್ಡ ವೃಂದದಲ್ಲಿ ಈ ಗದರಿಕೆಗೆ ಸಭೆಯ, ಸೇನೆಯ, ವಿಧಿಯ ತೂಕವಿರುತ್ತದೆ. ನಾಲ್ವರಲ್ಲಿ ಆ ತೂಕ ಇರಲಾರದು; ಇದು ನಿಜವಾದ ನಷ್ಟ. ಆದರೆ ಕುಗ್ಗುವ ಪರಿಯನ್ನು ನಾಲ್ವರು ತೋರಿಸಿದಷ್ಟು ಚೆನ್ನಾಗಿ ವೃಂದ ತೋರಿಸಲಾರದು. ಗದರುತ್ತಿದ್ದವರು ಒಬ್ಬೊಬ್ಬರಾಗಿ ಮೆತ್ತಗಾಗುವುದು ಮುಖ ಮುಖದಲ್ಲಿ ಕಾಣುತ್ತದೆ.

ಈಗ ನಮ್ಮ ಪಠ್ಯಕ್ಕೆ ಬರೋಣ. ಹದಿನೆಂಟು ಪರ್ವಗಳ ವ್ಯಾಸಭಾರತವನ್ನು ಪಂಪ ಹದಿನಾಲ್ಕು ಆಶ್ವಾಸಗಳಲ್ಲಿ ಅಡಗಿಸಿದ. ರನ್ನ ಇನ್ನೂ ಮುಂದೆ ಹೋಗಿ ಹತ್ತು ಆಶ್ವಾಸಗಳ ಗದಾಯುದ್ಧದಲ್ಲಿ ಯುದ್ಧದ ಕೊನೆಯ ದಿನವನ್ನಷ್ಟೇ ಎತ್ತಿಕೊಂಡ. ನಡೆದುಹೋದುದೆಲ್ಲ ಸಿಂಹಾವಲೋಕನ ಕ್ರಮದಿಂದ ಪಾತ್ರಗಳ ಮಾತಿನಲ್ಲಿ, ನೆನಪಿನಲ್ಲಿ ಬರುತ್ತದೆ. ಇದನ್ನು ನಾವು ಕಥನತಂತ್ರವೆಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಸಂಗೀತದ ದೃಷ್ಟಿಯಿಂದ ನೋಡಿದರೆ ಇದು ಹಿಮ್ಮೇಳವನ್ನು ಕಿರಿದುಗೊಳಿಸಿದ ಕ್ರಮ. ಹನ್ನೊಂದು ಅಕ್ಷೋಹಿಣಿಯ ಒಡೆಯನಾಗಿದ್ದ ದುರ್ಯೋಧನನ ಹಿಂದೆ ಈಗ ಸೇನೆಯಿಲ್ಲ. ಸಂಜಯ, ತಂದೆ ತಾಯಿ, ಶರಶಯ್ಯೆಯ ಭೀಷ್ಮ, ಮತ್ತೆ ಮಾತಾಡಲಾರದ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳು. ಸಮೂಹದ ನಡುವೆ ಅವನು ಛಲವಾದಿ ಅರಸ. ಈ ಕೆಲವರ ನಡುವೆ ಮಗ, ಅಣ್ಣ, ಗೆಳೆಯ. ನಮ್ಮ ಕನಿಕರ ಅವನತ್ತ ಹರಿಯುವುದಕ್ಕೆ ರನ್ನನ ಮಾತಿನ ಬಲವೊಂದೇ ಕಾರಣವಲ್ಲ. ಸುತ್ತಲಿನ ದನಿಗಳನ್ನು ಎಣಿಸಬಹುದಾದಷ್ಟಕ್ಕೆ ಇಳಿಸಿದ್ದೂ ಕಾರಣ. ನಷ್ಟವೂ ಇಲ್ಲದಿಲ್ಲ. ಪಂಪನಲ್ಲಿರುವ ವಿಸ್ತಾರ, ರಾಜಸಭೆಗಳ ಗದ್ದಲ, ಬನವಾಸಿಯ ಬೆಡಗು ಇಲ್ಲಿ ಸಿಗುವುದಿಲ್ಲ.

ಮೆಟ್ನರನ ವಿಷಯಕ್ಕೆ ಒಂದು ಮಾತು ಸೇರಿಸಬೇಕಿದೆ. ಅವನ ಮೂರು ಕಾನ್ಚೆರ್ಟೊಗಳೂ ಪೂರ್ಣ ವೃಂದಕ್ಕೆ ಬರೆದವು. ಆದರೆ ತನ್ನ ಬಾಳಿನ ಸಾರವೆಂದು ಅವನು ಬಗೆದದ್ದು ಬೇರೊಂದು ಕೃತಿಯನ್ನು: ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳ ಒಂದು ಪಂಚಕ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದನ್ನು ಕೈಗೆತ್ತಿಕೊಂಡವನು ಮುಗಿಸಿದ್ದು 1949ರಲ್ಲಿ, ತೀರಿಕೊಂಡದ್ದು 1951ರಲ್ಲಿ. ಐದೇ ಜನರ ಕೃತಿಗೆ ನಾಲ್ಕು ದಶಕಗಳು ಹಿಡಿದವು. ವೃಂದದಲ್ಲಾದರೆ ಒಂದು ದುರ್ಬಲ ಪಂಕ್ತಿಯನ್ನು ಕಹಳೆಯ ಹಿಂದೆ ಮರೆಮಾಡಬಹುದು. ಐವರಲ್ಲಿ ಅಡಗಿಕೊಳ್ಳಲು ಜಾಗವಿಲ್ಲ.

ಗಡಿನಾಡಿನ ಕನ್ನಡ ತರಗತಿಗಳು ಚಿಕ್ಕವು. ಹಿರಿಯ ಕೃತಿಯೊಂದನ್ನು ರಂಗಕ್ಕೆ ತರೋಣವೆಂದಾಗ ಜನ ಸಾಲದೆಂಬ ಮಾತು ಮೊದಲು ಬರುತ್ತದೆ. ನಮ್ಮ ಭಾಗದಲ್ಲಿ ಪಿಯಾನೊ ಹುಡುಕುವುದು ಕಷ್ಟ. ಗದಾಯುದ್ಧದ ಪ್ರತಿ ಕಷ್ಟವಲ್ಲ. ಈ ಅವಧಿಯಲ್ಲಿ ಅದರ ಯುದ್ಧಭೂಮಿಯ ಪ್ರಸಂಗವನ್ನು ಐದು ಕಂಠಗಳಲ್ಲಿ ವಾಚಿಸಬಹುದು. ಒಬ್ಬರು ಉದ್ದಕ್ಕೂ ದುರ್ಯೋಧನ. ಉಳಿದ ನಾಲ್ವರು ಪಾತ್ರಗಳನ್ನು ಹಂಚಿಕೊಳ್ಳುವ ಮುನ್ನ ಮೊಜಾರ್ಟನ ಆ 414ನೆಯ ಕೃತಿಯನ್ನು ಎರಡೂ ಬಗೆಯಲ್ಲಿ, ವೃಂದದೊಡನೆ ಮತ್ತು ನಾಲ್ವರೊಡನೆ, ಮೊಬೈಲಿನಲ್ಲಾದರೂ ಕೇಳಿಕೊಂಡು ಬರಲಿ. ಬಳಿಕ ನಿರ್ಧರಿಸಬೇಕಾದ ಸಂಗತಿಗಳು ಹಲವಿವೆ. ವರ್ಣನೆಯ ಪದ್ಯಗಳನ್ನು ನಾಲ್ವರೂ ಕೂಡಿ ಓದಬೇಕೆ, ಒಬ್ಬರೇ ಓದಬೇಕೆ? ಗಾಂಧಾರಿಯ ಮಾತು ಮುಗಿಯುವ ಮುನ್ನವೇ ಧೃತರಾಷ್ಟ್ರನ ದನಿ ಏಳಬಹುದೆ? ಕರ್ಣನ ಕಳೇಬರದ ಮುಂದೆ ದುರ್ಯೋಧನ ನಿಂತಾಗ ನಾಲ್ವರೂ ಸುಮ್ಮನಿರಬೇಕೆ, ಇಲ್ಲವೆ ಹಳಗನ್ನಡದ ಆ ಪದ್ಯಗಳ ಕೆಳಗೆ ಯಾರಾದರೊಬ್ಬರು ತಂಬೂರಿಯಂತೆ ಒಂದೇ ಶ್ರುತಿಯನ್ನು ಹಿಡಿದಿರಬೇಕೆ? ಎರಡೂ ಬಗೆಯಲ್ಲಿ ಓದಿ, ಕೇಳಿ, ಆಮೇಲೆ ಆಯ್ದುಕೊಳ್ಳಬೇಕು.